ಸೀರಿಯಲ್ ಕೀಳು, ಸೀರೀಸ್ ಮೇಲು ಅಂತ ಹೇಳಿದ್ದು ಯಾರು?

ಬೆಂಗಳೂರಲ್ಲಿ ಈಗ ಒಂದು ಮಾತು ತುಂಬಾ ಕೇಳಿಸುತ್ತೆ, "ನಾನು ಸೀರಿಯಲ್ ಎಲ್ಲಾ ನೋಡಲ್ಲಪ್ಪ, ಸೀರೀಸ್ ನೋಡ್ತೀನಿ" ಅಂತ. ಆಫೀಸಲ್ಲಿ ಊಟದ ಹೊತ್ತಲ್ಲಿ, ಮೆಟ್ರೋದಲ್ಲಿ, ಮದುವೆಮನೆ ಪಂಕ್ತಿಯಲ್ಲೂ. ಹೇಳೋರ ದನಿಯಲ್ಲೇ ಗೊತ್ತಾಗುತ್ತೆ, ಯಾವುದು ಮೇಲು ಯಾವುದು ಕೀಳು ಅಂತ ಅವ್ರು ಆಗ್ಲೇ ತೀರ್ಮಾನ ಮಾಡಿಬಿಟ್ಟಿರ್ತಾರೆ. ಒಂದೇ ಮನೇಲಿ ಅಮ್ಮ ಸಂಜೆ ಏಳೂವರೆಗೆ ಟಿವಿ ಮುಂದೆ ಕೂತ್ರೆ ಅದು ಸೀರಿಯಲ್, ಮಗ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆಗೆದ್ರೆ ಅದು ಸೀರೀಸ್. ಅಮ್ಮನಿಗೆ "ದಿನಾ ಅದೇನು ನೋಡ್ತೀಯಾ" ಅಂತ ಬೈಗುಳ, ಮಗನಿಗೆ ಒಳ್ಳೆ ಟೇಸ್ಟ್ ಇದೆ ಅಂತ ಹೆಸರು. ಎರಡೂ ಯಾರೋ ಕೂತು ಬರೆದ ಕಥೆನೇ, ಎರಡನ್ನೂ ನಟರೇ ನಟಿಸಿರೋದು, ಎರಡೂ ಕಂತು ಕಂತಾಗೇ ಬರೋದು.

ನನಗೆ ಈ ಮೇಲು ಕೀಳು ಸರಿ ಅನ್ಸಲ್ಲ, ಅದು ಅಮ್ಮಂದಿರಿಗೆ ಅವಮಾನ ಅನ್ನೋದು ಒಂದು ಕಾರಣ, ಆದ್ರೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಎರಡರ ಮಧ್ಯೆ ನಿಜವಾಗ್ಲೂ ಒಂದು ವ್ಯತ್ಯಾಸ ಇದೆ, ನಾವು ಟೇಸ್ಟು, ಆ್ಯಪು, ಟಿವಿ ಅಂತ ಮಾತಾಡ್ತಾ ಅದನ್ನ ನೋಡ್ತಾನೇ ಇಲ್ಲ. ಕಥೆ ಎಲ್ಲಿ ಮುಗಿಯುತ್ತೆ ಅಂತ ಶೂಟಿಂಗ್ ಶುರುವಾಗೋಕ್ ಮುಂಚೆನೇ ಗೊತ್ತಿರುತ್ತಾ ಇಲ್ವಾ, ಅದೇ ಆ ವ್ಯತ್ಯಾಸ. ಗೊತ್ತಿರುತ್ತಾ ಇಲ್ವಾ ಅನ್ನೋದನ್ನ ತೀರ್ಮಾನ ಮಾಡೋದು ದುಡ್ಡು ಯಾರು ಹಾಕ್ತಾರೆ, ಯಾವಾಗ ಹಾಕ್ತಾರೆ ಅನ್ನೋದು. ಮುಗಿಯೋ ಕಥೆಗೆ ದುಡ್ಡು ಹಾಕೋರು ಕನ್ನಡಕ್ಕೆ ಸಿಕ್ತಾ ಇಲ್ಲ, ನಾನು ಈ ಲೇಖನ ಬರೀತಿರೋದು ಆ ಸಂಕಟಕ್ಕೆ.

ಮೊದ್ಲು ಇಂಗ್ಲಿಷಿನೋರು ಈ ಪದಗಳನ್ನ ಹೇಗೆ ಬಳಸ್ತಾರೆ ಅಂತ ಸ್ವಲ್ಪ ನೋಡಣ, ಗೊಂದಲ ಶುರುವಾಗೋದೇ ಅಲ್ಲಿಂದ. ಅವರ ಹಳೇ ಲೆಕ್ಕದಲ್ಲಿ ಸೀರಿಯಲ್ ಅಂದ್ರೆ ಒಂದೇ ಕಥೆ ಕಂತಿಂದ ಕಂತಿಗೆ ಮುಂದುವರಿಯೋದು, ಸೀರೀಸ್ ಅಂದ್ರೆ ಪಾತ್ರಗಳು ಅವೇ ಇದ್ದು ಪ್ರತಿ ಕಂತಲ್ಲೂ ಬೇರೆ ಕಥೆ ಶುರುವಾಗಿ ಅಲ್ಲೇ ಮುಗಿಯೋದು. ಈ ಲೆಕ್ಕ ಹಿಡಿದ್ರೆ ಈಟಿವಿ ಕನ್ನಡದಲ್ಲಿ ಬರ್ತಿದ್ದ ಪಾಪ ಪಾಂಡು, ಸಿಲ್ಲಿ ಲಲ್ಲಿ ಸೀರೀಸ್ ಕಡೆಗೆ ವಾಲುತ್ತೆ, ಇವತ್ತು ಜನ ರಾತ್ರಿಯೆಲ್ಲಾ ಎದ್ದು ಕೂತು ನೋಡೋ ಎಂಟು ಕಂತಿನ ಥ್ರಿಲ್ಲರ್ ಪಕ್ಕಾ ಸೀರಿಯಲ್ ಆಗುತ್ತೆ. ಅಂದ್ರೆ ನಾವು ಪೂರ್ತಿ ತಿರುಗುಮುರುಗು ಮಾಡ್ಕೊಂಡಿದ್ದೀವಿ. ಅದ್ರಲ್ಲೂ ಬ್ರಿಟನ್‌ನಲ್ಲಿ ಸೀರೀಸ್ ಅಂದ್ರೆ ಒಂದು ವರ್ಷದ ಕಂತುಗಳ ಗುಂಪು, ಅಮೆರಿಕದೋರು ಅದನ್ನೇ ಸೀಸನ್ ಅಂತಾರೆ. ಸೀಸನ್ ಯಾಕೆ ಅಂದ್ರೆ ಅವರ ಟಿವಿ ಚಾನೆಲ್‌ಗಳಲ್ಲಿ ಹೊಸ ಕಂತುಗಳು ಸೆಪ್ಟೆಂಬರ್ ಹೊತ್ತಿಗೆ ಶುರುವಾಗಿ ಮುಂದಿನ ಮೇ ಹೊತ್ತಿಗೆ ಮುಗೀತಿದ್ವು. ಒಂದೇ ಕಥೆ ಹೇಳಿ ನಿಲ್ಸೋದಕ್ಕೆ ಮಿನಿಸೀರೀಸ್ ಅಂತಿದ್ರು, ಈಗ ಲಿಮಿಟೆಡ್ ಸೀರೀಸ್ ಅನ್ನೋದು ಜಾಸ್ತಿ, ಅಮೆರಿಕದಲ್ಲಿ ಟಿವಿ ಕಾರ್ಯಕ್ರಮಗಳಿಗೆ ಕೊಡೋ ಎಮ್ಮಿ ಪ್ರಶಸ್ತಿಯವರೂ 2015ರಲ್ಲಿ ಆ ವಿಭಾಗದ ಹೆಸರು ಹಾಗೇ ಬದಲಾಯಿಸಿದ್ರು.

ಇನ್ನು ಡೈಲಿ ಸೋಪ್. 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ ಹಗಲು ಹೊತ್ತು ಮನೇಲಿರೋ ಹೆಂಗಸರಿಗೆ ಅಂತ ದಿನಾ ಹದಿನೈದು ನಿಮಿಷದ ಕಥೆಗಳು ಬರ್ತಿದ್ವು, ಅವಕ್ಕೆ ದುಡ್ಡು ಹಾಕ್ತಿದ್ದದ್ದು ಪ್ರಾಕ್ಟರ್ ಅಂಡ್ ಗ್ಯಾಂಬಲ್ ತರದ ಸೋಪಿನ ಕಂಪನಿಗಳು, ಅಲ್ಲಿಂದ ಬಂದ ಹೆಸರು. ಸೋಪಿನ ಕಂಪನಿಗೆ ಕಥೆ ಮುಗಿಯೋದು ಬೇಕಾಗಿರ್ಲಿಲ್ಲ, ಯಾಕಂದ್ರೆ ಸೋಪು ಮಾರೋದು ಮುಗಿಯಲ್ವಲ್ಲ. ಗೈಡಿಂಗ್ ಲೈಟ್ ಅನ್ನೋದು 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, ನಿಂತಿದ್ದು 2009ರಲ್ಲಿ. ಬ್ರಿಟನ್ನಿನ ಕರೋನೇಷನ್ ಸ್ಟ್ರೀಟ್ 1960ರಿಂದ ಇವತ್ತಿನವರೆಗೂ ನಡೀತಾನೇ ಇದೆ. ಕೊನೆ ಇಲ್ಲದ ಕಥೆ ಹುಟ್ಟಿದ್ದೇ ಜಾಹೀರಾತಿನ ಅಗತ್ಯಕ್ಕೆ. ಕಥೆ ಬರೆಯೋರಿಗೆ ಮುಗಿಸೋಕೆ ಬರಲ್ಲ ಅಂತ ಅಲ್ಲ.

ಇದಕ್ಕೆ ವಿರುದ್ಧವಾದ ದಾರಿ ಹಿಡಿದಿದ್ದು ಮೆಕ್ಸಿಕೋ, ಬ್ರೆಜಿಲ್, ಕೊಲಂಬಿಯಾ ಕಡೆಯೋರು. ಅವರ ಟೆಲಿನೋವೆಲಾ ಕೂಡ ದಿನಾ ರಾತ್ರಿ ಬರುತ್ತೆ, ಅದ್ರಲ್ಲೂ ಅತ್ತೆ ಸೊಸೆ ಆಸ್ತಿ ಪ್ರೀತಿ ಮೋಸ ಎಲ್ಲಾ ಇರುತ್ತೆ, ಆದ್ರೆ ಒಂದು ನೂರೈವತ್ತು ಇನ್ನೂರು ಕಂತಿಗೆ ಕಥೆ ಮುಗಿಸ್ತಾರೆ, ಕೊನೇ ಕಂತಿಗೆ ಇಡೀ ದೇಶ ಟಿವಿ ಮುಂದೆ ಕೂತಿರುತ್ತೆ. ಅಂದ್ರೆ ದಿನಾ ಬರೋದಕ್ಕೂ ಕೊನೆ ಇಲ್ಲದೇ ಇರೋದಕ್ಕೂ ಸಂಬಂಧ ಇಲ್ಲ. ಕೊರಿಯಾದೋರು ಡ್ರಾಮಾ ಅಂತಾರೆ, ವಾರಕ್ಕೆ ಎರಡು ಕಂತು, ಸಾಮಾನ್ಯವಾಗಿ ಹದಿನಾರಕ್ಕೆ ಮುಗೀತು, ಅಷ್ಟೇ. ನಮ್ಮ ಬೆಂಗಳೂರಿನ ಹುಡುಗೀರು ಅದನ್ನ ಕೆ-ಡ್ರಾಮಾ ಅಂತ ಪ್ರೀತಿಯಿಂದ ನೋಡ್ತಾರೆ, ಅದ್ರಲ್ಲೂ ಶ್ರೀಮಂತ ಹುಡುಗ, ಬಡವರ ಮನೆ ಹುಡುಗಿ, ಒಪ್ಪದ ತಾಯಿ, ಎಲ್ಲಾ ನಮ್ಮ ಸೀರಿಯಲ್ ಸಾಮಾನೇ ಇರೋದು, ಆದ್ರೂ ಅದಕ್ಕೆ ಯಾರೂ ಮೂಗು ಮುರಿಯಲ್ಲ. ಮುಗಿಯುತ್ತೆ ಅನ್ನೋ ನಂಬಿಕೆ ಇದ್ರೆ ನೋಡೋರು ಎಷ್ಟು ಬೇಕಾದ್ರೂ ಅಳೋಕೆ ತಯಾರಿರ್ತಾರೆ.

ನಮ್ಮ ದೇಶದ ಸೀರಿಯಲ್ ಹುಟ್ಟಿದ್ದೂ ಈ ಮುಗಿಯೋ ಜಾತಿಯಿಂದಲೇ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. 1984ರ ಜುಲೈನಲ್ಲಿ ದೂರದರ್ಶನದಲ್ಲಿ ಶುರುವಾದ ಹಮ್ ಲೋಗ್‌ಗೆ ಮಾದರಿ ಮೆಕ್ಸಿಕೋದ ಮಿಗೆಲ್ ಸಬೀಡೋ ಮಾಡಿದ್ದ ಟೆಲಿನೋವೆಲಾಗಳು, ಕುಟುಂಬ ಯೋಜನೆ ತರದ ವಿಷಯಗಳನ್ನ ಕಥೆ ಒಳಗೆ ಇಟ್ಟು ಹೇಳೋ ವಿಧಾನ ಅದು. ಅದು ಒಂದೂವರೆ ವರ್ಷದೊಳಗೆ ಮುಗೀತು. ಆಗಿನ ದೂರದರ್ಶನದಲ್ಲಿ ಕಂತುಗಳಿಗೆ 13ರ ಲೆಕ್ಕ ಇತ್ತು, ವಾರಕ್ಕೊಂದು ಅಂದ್ರೆ ಮೂರು ತಿಂಗಳು, ನಿರ್ಮಾಪಕರು ಕಥೆ ಒಪ್ಪಿಸಿ 13 ಕಂತಿಗೋ 26 ಕಂತಿಗೋ ಅನುಮತಿ ತಗೊಂಡು ಪ್ರಾಯೋಜಕರನ್ನ ಹುಡುಕ್ಕೊಂಡು ಬರಬೇಕಿತ್ತು. ಸರ್ಕಾರಿ ಫೈಲು, ಓಡಾಟ, ಕಾಯೋದು, ಎಲ್ಲಾ ಕಷ್ಟನೂ ಇತ್ತು, ಆದ್ರೆ ಆ ನಿಯಮದಿಂದ ಒಂದು ಒಳ್ಳೇದಾಯ್ತು, ಕಥೆಗೆ ಅಳತೆ ಇತ್ತು.

ಶಂಕರ್‌ನಾಗ್ ಆಗುಂಬೆಗೆ ಹೋಗಿ ಆರ್.ಕೆ. ನಾರಾಯಣ್ ಕಥೆಗಳನ್ನ ಮಾಲ್ಗುಡಿ ಡೇಸ್ ಅಂತ ತೆಗೆದಿದ್ದು ಆ ಕಾಲದಲ್ಲೇ. 39 ಕಂತು, ಲೆಕ್ಕ ಹಾಕಿ, 13ರ ಮೂರು ಪಟ್ಟು. ಸ್ವಾಮಿಯ ಕಥೆ ಹಲವು ಕಂತು ಓಡುತ್ತೆ, ಬೇರೆ ಕೆಲವು ಕಥೆ ಒಂದೇ ಕಂತಿಗೆ ಮುಗಿಯುತ್ತೆ, ಅಂದ್ರೆ ಇವತ್ತಿನ ಭಾಷೇಲಿ ಅರ್ಧ ಲಿಮಿಟೆಡ್ ಸೀರೀಸ್ ಅರ್ಧ ಆಂಥಾಲಜಿ, ಅಂದ್ರೆ ಬಿಡಿ ಕಥೆಗಳ ಗೊಂಚಲು. ನಲವತ್ತು ವರ್ಷದ ಹತ್ರ ಬಂದ್ರೂ ಜನ ಇನ್ನೂ ನೋಡ್ತಾರೆ, ಅರಸಾಳು ರೈಲ್ವೆ ಸ್ಟೇಷನ್ನಿನಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಅದು ಹಿಂದಿ ಇಂಗ್ಲಿಷಲ್ಲಿ ಬಂದಿದ್ದು ನಿಜ, ಆದ್ರೆ ಮಾಡಿದ ಕೈಗಳು, ನಿಂತ ನೆಲ, ನಟಿಸಿದ ಮುಖಗಳು ಬಹುಪಾಲು ನಮ್ಮವು. ಎಂಟು ಕಂತಿನ ಕಥೆ ಹೇಳೋದು ಕನ್ನಡದೋರಿಗೆ ಹೊಸಾ ವಿದ್ಯೆ ಅನ್ನೋರು ಇದನ್ನ ನೆನಪಿಟ್ಕೋಬೇಕು. ಅದಕ್ಕೂ ಹಿಂದಕ್ಕೆ ಹೋದ್ರೆ ನಮ್ಮ ಮನೆಗಳಲ್ಲಿ ಧಾರಾವಾಹಿ ಅಂದ್ರೆ ಟಿವಿನೇ ಅಲ್ಲ, ವಾರಪತ್ರಿಕೆಯಲ್ಲಿ ಬರೋ ಕಾದಂಬರಿ, ಪೇಪರ್ ಹಾಕೋ ಹುಡುಗ ಬರೋ ದಾರಿ ಕಾಯೋರು, ಆ ಕಾದಂಬರಿಗೂ ಒಂದು ಕೊನೇ ಅಧ್ಯಾಯ ಇರ್ತಿತ್ತು.

ಆಮೇಲೆ ಖಾಸಗಿ ಚಾನೆಲ್‌ಗಳು ಬಂದ್ವು, 1994ರಲ್ಲಿ ಉದಯ, 2000ದ ಡಿಸೆಂಬರಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ. ಈ ಬದಲಾವಣೆನ ಬರೀ ಅವನತಿ ಅಂತ ಬರೆಯೋದು ಸುಳ್ಳಾಗುತ್ತೆ. ಟಿ.ಎನ್. ಸೀತಾರಾಂ ಅವರು 1998ರಲ್ಲಿ ದೂರದರ್ಶನದಲ್ಲೇ ಬಂದ ಮಾಯಾಮೃಗದಿಂದ ಹಿಡಿದು ಮನ್ವಂತರ, ಮುಕ್ತದವರೆಗೆ ದಿನದ ಧಾರಾವಾಹಿಯನ್ನೇ ತಗೊಂಡು ಕೋರ್ಟು, ರಾಜಕೀಯ, ಭ್ರಷ್ಟಾಚಾರ, ಮಧ್ಯಮವರ್ಗದ ಆಸೆ ಎಲ್ಲಾನೂ ಮನೆಯೊಳಗೆ ತಂದ್ರು, ಮರುದಿನ ಬೆಳಿಗ್ಗೆ ಬಸ್‌ಸ್ಟಾಪಲ್ಲಿ ಜನ ಆ ಕೇಸಿನ ಬಗ್ಗೆ ಜಗಳ ಆಡೋರು. ಗಿರೀಶ್ ಕಾಸರವಳ್ಳಿ ಅವರು ಭೈರಪ್ಪನವರ ಗೃಹಭಂಗವನ್ನ ಧಾರಾವಾಹಿ ಮಾಡಿದ್ದು, ವೈಶಾಲಿ ಕಾಸರವಳ್ಳಿ ಅವರ ಮೂಡಲ ಮನೆ ಬಂದಿದ್ದು ಇದೇ ಖಾಸಗಿ ಚಾನೆಲಲ್ಲಿ. ಸೀರಿಯಲ್ ಅಂದ ಕೂಡಲೇ ಮುಖ ಸಿಂಡರಿಸೋರು ಇದನ್ನೂ ಅದೇ ಮೂಟೆಗೆ ಕಟ್ಟಿ ಎಸೀತಿದ್ದಾರೆ ಅಂತ ನೆನೆಸ್ಕೊಂಡ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಆದ್ರೆ ವ್ಯಾಪಾರದ ಲೆಕ್ಕ ಬದಲಾಯ್ತು. ಈಗ ಸಾಮಾನ್ಯವಾಗಿ ಚಾನೆಲ್ಲೇ ನಿರ್ಮಾಣ ಸಂಸ್ಥೆಗೆ ಕಂತಿಗಿಷ್ಟು ಅಂತ ದುಡ್ಡು ಕೊಡುತ್ತೆ, ಹಕ್ಕುಗಳು ಚಾನೆಲ್ ಕೈಲಿರುತ್ತೆ, ಜಾಹೀರಾತಿನ ದುಡ್ಡೂ ಚಾನೆಲ್‌ಗೆ. ಯಾವ ಕಾರ್ಯಕ್ರಮ ಎಷ್ಟು ಜನ ನೋಡಿದ್ರು ಅಂತ ಅಳೆಯೋ ಬಾರ್ಕ್ ಸಂಸ್ಥೆಯಿಂದ ಪ್ರತಿ ಗುರುವಾರ ಟಿಆರ್‌ಪಿ ಬರುತ್ತೆ, ಆ ನಂಬರ್ ನೋಡಿ ಮುಂದಿನ ವಾರದ ಕಥೆಯ ಟ್ರ್ಯಾಕ್ ತಿರುಗುತ್ತೆ. ಒಂದು ಹೊಸ ಸೀರಿಯಲ್ ಲಾಂಚ್ ಮಾಡೋಕೆ ಪ್ರೋಮೋ, ಹೋರ್ಡಿಂಗು, ಜಾತ್ರೆ ಅಂತ ಸುರಿಯೋ ದುಡ್ಡು ಸಣ್ಣದಲ್ಲ, ಅದಕ್ಕೇ ಜನಕ್ಕೆ ಪರಿಚಯ ಆಗಿರೋ ಟೈಟಲ್ ಓಡ್ತಿರೋವಾಗ ಅದನ್ನ ನಿಲ್ಸಿ ಹೊಸಾದು ಶುರು ಮಾಡೋ ಧೈರ್ಯ ಯಾರಿಗೂ ಬರಲ್ಲ. ಕಥೆ ಮುಗಿದಿದ್ರೂ ಟೈಟಲ್ ಮುಗಿಯಲ್ಲ. ಕಲರ್ಸ್ ಕನ್ನಡದ ಲಕ್ಷ್ಮೀ ಬಾರಮ್ಮ 2013ರಿಂದ 2020ರವರೆಗೆ ನಡೀತು, ಆಮೇಲೆ 2023ರಲ್ಲಿ ಅದೇ ಹೆಸರಲ್ಲಿ ಬೇರೆ ಕಥೆ, ಬೇರೆ ನಟರನ್ನಿಟ್ಟು ಮತ್ತೆ ಬಂತು. ಇಲ್ಲಿ ಬೆಲೆ ಇರೋದು ಹೆಸರಿಗೆ, ಆ ಏಳೂವರೆ ಎಂಟು ಗಂಟೆಯ ಸ್ಲಾಟ್‌ಗೆ.

ಈ ಲೆಕ್ಕದ ಕೆಳಗೆ ಕೆಲಸ ಮಾಡೋರ ದಿನ ಹೇಗಿರುತ್ತೆ ಅಂತ ಯೋಚನೆ ಮಾಡಿ. ಆರ್.ಆರ್. ನಗರ, ಉತ್ತರಹಳ್ಳಿ, ಕೆಂಗೇರಿ ಕಡೆ ಬಾಡಿಗೆಗೆ ತಗೊಂಡ ದೊಡ್ಡ ಮನೆಗಳಲ್ಲಿ ಬೆಳಿಗ್ಗೆ ಶುರುವಾದ್ರೆ ರಾತ್ರಿವರೆಗೆ ಶೂಟಿಂಗು, ದಿನಕ್ಕೊಂದು ಕಂತಿನಷ್ಟು, ಅಂದ್ರೆ ಜಾಹೀರಾತು ಕಳೆದು ಇಪ್ಪತ್ತು ಇಪ್ಪತ್ತೆರಡು ನಿಮಿಷ, ತೆಗೀಲೇಬೇಕು, ಸಿನಿಮಾದಲ್ಲಿ ದಿನಕ್ಕೆ ಎರಡು ಮೂರು ನಿಮಿಷ ತೆಗೆದ್ರೆ ಒಳ್ಳೆ ಕೆಲಸ ಅಂತಾರೆ. ಬ್ಯಾಂಕಿಂಗ್ ಇಲ್ಲ ಅಂದ್ರೆ, ಅಂದ್ರೆ ಮುಂದಿನ ಕೆಲವು ದಿನದ ಕಂತುಗಳು ರೆಡಿ ಇಲ್ಲ ಅಂದ್ರೆ, ಬೆಳಿಗ್ಗೆ ಬರೆದ ಸೀನು ಮಧ್ಯಾಹ್ನ ಶೂಟಾಗಿ ಒಂದೆರಡು ದಿನದಲ್ಲಿ ಟೆಲಿಕಾಸ್ಟ್ ಆಗುತ್ತೆ. ಚಿತ್ರಕಥೆ ಒಬ್ಬರು, ಸಂಭಾಷಣೆ ಇನ್ನೊಬ್ಬರು, ಎಪಿಸೋಡ್ ಡೈರೆಕ್ಟರ್ ಮತ್ತೊಬ್ಬರು. ಪ್ರತಿ ಕಂತಿನ ಕೊನೆಗೆ ಹುಕ್, ಅಂದ್ರೆ ನಾಳೆನೂ ನೋಡೋ ಹಾಗೆ ಮಾಡೋ ಕುತೂಹಲ ಬೇಕು, ವಾರಕ್ಕೊಂದು ದೊಡ್ಡ ತಿರುವು ಬೇಕು, ಆಗಾಗ ಮಹಾಸಂಚಿಕೆ, ಎರಡು ಸೀರಿಯಲ್ ಸೇರಿಸಿ ಮಹಾಸಂಗಮ. ನಾಯಕಿ ಪಾತ್ರ ಮಾಡೋರು ಬಿಟ್ಟು ಹೋದ್ರೆ ಸೋಮವಾರ ಇನ್ನೊಬ್ಬರು ಅದೇ ತಾಳಿ ಹಾಕ್ಕೊಂಡು ಬರ್ತಾರೆ. ಇಷ್ಟರ ಮಧ್ಯೆನೂ ಒಂದು ಸಂಭಾಷಣೆ ನಮ್ಮ ಮನೆ ಮಾತಿನ ಹಾಗೇ ಕೇಳಿಸ್ತು, ಒಂದು ಮುದುಕಿ ಪಾತ್ರ ಕಣ್ಣಲ್ಲಿ ನೀರು ತರಿಸ್ತು ಅಂದ್ರೆ ಆ ಬರೆದೋರ ಕೈಗೆ, ನಟಿಸಿದೋರ ಕೈಗೆ ನಾನು ನಮಸ್ಕಾರ ಮಾಡ್ತೀನಿ. ಕೊನೆ ಗೊತ್ತಿಲ್ಲದೆ ಬರೆಯೋದು ತುಂಬಾ ಕಷ್ಟದ ಕೆಲಸ, ನಡುವೆ ಕಥೆ ಎಳೆದಾಡುತ್ತೆ ಅಂತ ನಾವು ಬೈತೀವಲ್ಲ, ಅದು ಬರೆಯೋರ ತಲೆಯ ಬಡತನ ಅಲ್ಲ, ಅವರಿಗೆ ಸಿಕ್ಕಿರೋ ಒಪ್ಪಂದದ ಸ್ವರೂಪ.

ಈಗ ಆ ಕಡೆ ಬನ್ನಿ, ನಾವು ಸೀರೀಸ್ ಅನ್ನೋದರ ಕಡೆ. ಓಟಿಟಿಗೆ, ಅಂದ್ರೆ ಇಂಟರ್ನೆಟ್ಟಲ್ಲಿ ನೋಡೋ ಪ್ರೈಮ್, ಹಾಟ್‌ಸ್ಟಾರ್ ತರದ ಆ್ಯಪ್‌ಗಳಿಗೆ, ಜಾಹೀರಾತಿಗಿಂತ ಚಂದಾ ಮುಖ್ಯ, ಜನ ಸೇರಬೇಕು, ಸೇರಿದೋರು ಪೂರ್ತಿ ನೋಡಬೇಕು. ಅದಕ್ಕೇ ಎಲ್ಲಾ ಕಂತಿನ ಸ್ಕ್ರಿಪ್ಟ್ ಮೊದ್ಲೇ ಕೇಳ್ತಾರೆ, ಇಡೀ ದುಡ್ಡು ಮೊದ್ಲೇ ಹಾಕ್ತಾರೆ. ಬರೆಯೋರಿಗೆ ಇದು ಸ್ವರ್ಗ, ಮೊದಲನೇ ಕಂತಲ್ಲಿ ಇಟ್ಟ ಒಂದು ಸಣ್ಣ ಮಾತಿಗೆ ಏಳನೇ ಕಂತಲ್ಲಿ ಉತ್ತರ ಕೊಡಬಹುದು. ಆದ್ರೆ ದುಡ್ಡು ಹಾಕೋರಿಗೆ ರಿಸ್ಕ್ ಎಲ್ಲಾ ಒಂದೇ ಸಲಕ್ಕೆ. ಟಿವಿ ಸೀರಿಯಲ್ ಓಡಿಲ್ಲ ಅಂದ್ರೆ ಮೂರು ತಿಂಗಳಿಗೆ ವೈಂಡ್ ಅಪ್ ಮಾಡಬಹುದು, ಓಟಿಟಿ ಸೀರೀಸ್ ಓಡಿಲ್ಲ ಅಂದ್ರೆ ಹಾಕಿದ್ದು ಹೋಯ್ತು. ಹಾಗಾಗಿ ಯಾವ ಭಾಷೆಗೆ ಹಾಕಿದ್ರೆ ಹೊಸ ಚಂದಾದಾರರು ಬರ್ತಾರೆ ಅಂತ ಅಳೆದು ತೂಗಿ ಹಾಕ್ತಾರೆ.

ಕನ್ನಡ ಸೋಲೋದು ಇಲ್ಲಿ, ಸೋಲೋಕೆ ನಮ್ಮ ಬೆಂಗಳೂರಿನ ಒಂದು ಒಳ್ಳೆ ಗುಣನೇ ಕಾರಣ. ಇಲ್ಲಿ ಬೆಳೆದ ಕನ್ನಡದೋರಿಗೆ ಹಿಂದಿ ಬರುತ್ತೆ, ತಮಿಳು ತೆಲುಗು ಅರ್ಥ ಆಗುತ್ತೆ, ಮಲಯಾಳಂ, ಕೊರಿಯನ್ ಸಬ್‌ಟೈಟಲ್ ಇಟ್ಕೊಂಡು ನೋಡ್ತಾರೆ. ಪ್ರೈಮ್‌ನಲ್ಲಿ 2022ರಲ್ಲಿ ಬಂದ ತಮಿಳಿನ ಸುಳಲ್, 2023ರಲ್ಲಿ ಬಂದ ತೆಲುಗಿನ ದೂತ, ಅದೇ ವರ್ಷ ಹಾಟ್‌ಸ್ಟಾರ್‌ನಲ್ಲಿ ಮಲಯಾಳಂನ ಕೇರಳ ಕ್ರೈಮ್ ಫೈಲ್ಸ್, ಎಲ್ಲಾನೂ ಬೆಂಗಳೂರಲ್ಲಿ ಚೆನ್ನಾಗೇ ನೋಡಿದ್ರು. ಪ್ಲಾಟ್‌ಫಾರ್ಮ್‌ನೋರ ಜಾಗದಲ್ಲಿ ನಿಂತು ನೋಡಿದ್ರೆ, ಕನ್ನಡದಲ್ಲಿ ಒಂದು ರೂಪಾಯಿ ಖರ್ಚು ಮಾಡದೇ ಕನ್ನಡದೋರ ಚಂದಾ ಬರ್ತಿದೆ, ಇನ್ಯಾಕೆ ಖರ್ಚು ಮಾಡ್ತಾರೆ? ನಾವು ಎಲ್ಲಾ ಭಾಷೆ ನೋಡೋದು ತಪ್ಪಲ್ಲ, ನಾನೂ ನೋಡ್ತೀನಿ, ಇಷ್ಟಪಟ್ಟೇ ನೋಡ್ತೀನಿ, ಆದ್ರೆ ಅದರ ಪರಿಣಾಮ ಇದು.

ಏಕಂ ಕಥೆ ಇದಕ್ಕೆ ಸಾಕ್ಷಿ. ಕರಾವಳಿಯ ಜನಜೀವನದ ಏಳು ಕಥೆಗಳು, ಸುಮಂತ್ ಭಟ್ ಮತ್ತು ಸಂದೀಪ್ ಪಿ.ಎಸ್. ರೂಪಿಸಿದ್ದು, ರಕ್ಷಿತ್ ಶೆಟ್ಟಿ ಅವರ ಪರಂವಃ ಸ್ಟುಡಿಯೋಸ್ ಜೊತೆಗಿತ್ತು. ಇಷ್ಟು ದೊಡ್ಡ ಹೆಸರು ಬೆನ್ನಿಗಿದ್ರೂ ಯಾವ ಪ್ಲಾಟ್‌ಫಾರ್ಮೂ ತಗೊಳ್ಳಲಿಲ್ಲ, ಕೊನೆಗೆ 2024ರ ಜುಲೈನಲ್ಲಿ ತಾವೇ ಒಂದು ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡ್ಬೇಕಾಯ್ತು. ಅದಕ್ಕೂ ಮುಂಚೆ 2022ರಲ್ಲಿ ಹಂಬಲ್ ಪೊಲಿಟಿಷಿಯನ್ ನೊಗರಾಜ್ ಸೀರೀಸ್ ಬಂದಿದ್ದು ವೂಟ್‌ನಲ್ಲಿ, ಆಮೇಲೆ ವೂಟ್ ಜಿಯೋಸಿನಿಮಾ ಒಳಗೆ ಸೇರ್ತು, 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆಯ್ತು. ಹೀಗೆ ಅಂಗಡಿಗಳೇ ಒಂದರೊಳಗೊಂದು ಸೇರ್ಕೊಳ್ತಾ ಹೋದ್ರೆ ಕನ್ನಡದ ಸೀರೀಸ್ ತಗೊಂಡು ಹೋಗಿ ತಟ್ಟೋ ಬಾಗಿಲುಗಳು ಕಮ್ಮಿ ಆಗ್ತಾ ಹೋಗುತ್ತೆ.

2025ರಲ್ಲಿ ಸ್ವಲ್ಪ ಗಾಳಿ ಬದಲಾಯ್ತು. ಏಪ್ರಿಲಲ್ಲಿ ಜೀ5ನಲ್ಲಿ ಅಯ್ಯನ ಮನೆ ಬಂತು, ಆಗಸ್ಟಲ್ಲಿ ಶೋಧ. ಅಯ್ಯನ ಮನೆ ನಿರ್ಮಾಣ ಮಾಡಿದ್ದು ಶ್ರುತಿ ನಾಯ್ಡು, ನಿರ್ದೇಶನ ರಮೇಶ್ ಇಂದಿರಾ. ಇಬ್ಬರೂ ಎಲ್ಲಿಂದ ಬಂದೋರು ಗೊತ್ತಾ, ವರ್ಷಗಟ್ಟಲೆ ಟಿವಿ ಧಾರಾವಾಹಿ ಮಾಡಿದೋರು. ಅದೇ ಜನ, ಅದೇ ಕಸುಬು, ಕಥೆಗೆ ಒಂದು ಕೊನೆ ಮೊದ್ಲೇ ಸಿಕ್ತು, ಚಿಕ್ಕ ಚಿಕ್ಕ ಕಂತಿನ ಬಿಗಿಯಾದ ಮನೆಯೊಳಗಿನ ಥ್ರಿಲ್ಲರ್ ಆಯ್ತು. ಸೀರಿಯಲ್ ಮಾಡೋರಿಗೆ ಸೀರೀಸ್ ಮಾಡೋ ಯೋಗ್ಯತೆ ಇಲ್ಲ ಅನ್ನೋರಿಗೆ ಬೇರೆ ಉತ್ತರ ಬೇಕಿಲ್ಲ.

ಟಿವಿಯಲ್ಲೂ ಅಳತೆಯ ಕಥೆಗೆ ಜನ ಇದ್ದಾರೆ ಅನ್ನೋದಕ್ಕೆ ಲಾಕ್‌ಡೌನ್ ಕಾಲ ನೆನಪಿಸ್ಕೊಳ್ಳಿ. 2020ರಲ್ಲಿ ಶೂಟಿಂಗ್ ನಿಂತಾಗ ಡಬ್ ಆದ ಮಹಾಭಾರತ ಸ್ಟಾರ್ ಸುವರ್ಣದಲ್ಲಿ ಬಂತು, ಜೀ ಕನ್ನಡದಲ್ಲಿ ಮಹಾನಾಯಕ ಬಂತು, ಅಂಬೇಡ್ಕರ್ ಜೀವನದ ಆ ಧಾರಾವಾಹಿಗೆ ಹಳ್ಳಿ ಹಳ್ಳಿಯಲ್ಲಿ ಜನ ತಾವೇ ದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದ್ರು. ಡಬ್ಬಿಂಗ್ ವಿರೋಧ ಇಲ್ಲಿ ದಶಕಗಳಿಂದ ಗಟ್ಟಿಯಾಗಿತ್ತು, ಡಬ್ಬಿಂಗ್ ತಡೆದಿದ್ದಕ್ಕೆ 2015ರಲ್ಲಿ ಸ್ಪರ್ಧಾ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರ ಸಂಘಟನೆಗಳಿಗೆ ದಂಡ ಹಾಕಿದ ಮೇಲೂ ಮನಸ್ಸುಗಳು ಪೂರ್ತಿ ಬದಲಾಗಿರ್ಲಿಲ್ಲ, ಲಾಕ್‌ಡೌನ್ ಆ ಬಾಗಿಲು ತೆಗೀತು. ಡಬ್ಬಿಂಗ್ ಸರಿನಾ ತಪ್ಪಾ ಅನ್ನೋ ಚರ್ಚೆ ಬೇರೆ. ಹುಟ್ಟು ಸಾವು ಎರಡೂ ಎಲ್ಲರಿಗೂ ಗೊತ್ತಿರೋ ಒಬ್ಬ ಮನುಷ್ಯನ ಕಥೆಗೆ, ಅಂದ್ರೆ ಕೊನೆ ಗೊತ್ತಿರೋ ಕಥೆಗೆ, ಟಿವಿ ನೋಡೋ ಕನ್ನಡದ ಜನ ಅಷ್ಟು ಹಚ್ಕೊಂಡ್ರಲ್ಲ, ನಾನು ಹೇಳ್ತಿರೋದು ಅದನ್ನ.

ಹಾಗಾದ್ರೆ ಏನಾಗಬೇಕು ಅಂತ ಕೇಳಿದ್ರೆ, ನನಗೆ ಮೊದ್ಲು ಕಾಣಿಸೋದು ಚಾನೆಲ್‌ಗಳೇ. ವಾರಪೂರ್ತಿ ದಿನದ ಸೀರಿಯಲ್ ನಡೀಲಿ, ಅದರಿಂದ ಸಾವಿರಾರು ಮನೆ ನಡೀತಿದೆ. ಶನಿವಾರ ಭಾನುವಾರದ ಒಂದೇ ಒಂದು ಸ್ಲಾಟ್ 13 ಕಂತಿನ ಕಥೆಗೆ ಬಿಡಲಿ, ಪ್ರೋಮೋದಲ್ಲೇ "13 ಕಂತು" ಅಂತ ಹಾಕಲಿ. ಜೀಗೂ ಕಲರ್ಸ್‌ಗೂ ಈಗ ತಮ್ಮದೇ ಬಳಗದ ಆ್ಯಪ್ ಇದೆ, ಅದೇ ಕಥೆ ಟಿವಿಯಲ್ಲೂ ಆ್ಯಪಲ್ಲೂ ಓಡಿದ್ರೆ ಖರ್ಚು ಎರಡು ಕಡೆ ಹಂಚಿಹೋಗುತ್ತೆ, ರಿಸ್ಕೂ ಅರ್ಧ ಆಗುತ್ತೆ. ಹೇಗಿದ್ರೂ ಈಗ ಟಿವಿ ಸೀರಿಯಲ್ಲನ್ನೂ ಎಷ್ಟೋ ಜನ ಬಸ್ಸಲ್ಲಿ ಕೂತು ಫೋನಲ್ಲೇ ನೋಡ್ತಿದ್ದಾರೆ, ವೆಬ್ ಸೀರೀಸ್ ಅನ್ನೋದರಲ್ಲಿ ವೆಬ್ ಅನ್ನೋ ಮಾತಿಗೆ ಅಂಥಾ ಅರ್ಥ ಉಳಿದಿಲ್ಲ. ನಮ್ಮಲ್ಲಿ ಕಥೆಗೇನು ಬರ ಇಲ್ಲ, ಕಾದಂಬರಿಗಳೇ ಎಷ್ಟಿವೆ, ಗೃಹಭಂಗ ಮಾಡಿ ತೋರಿಸಿದ ದಾರಿ ಕಣ್ಣೆದುರಿಗಿದೆ, ಆದ್ರೂ ಮರಾಠಿಯದ್ದು ಜೊತೆ ಜೊತೆಯಲಿ ಆಗಿ, ಹಿಂದಿಯದ್ದು ಪುಟ್ಟಗೌರಿ ಮದುವೆ, ಅಮೃತಧಾರೆ ಆಗಿ ಬರುತ್ತೆ, ಯಾಕಂದ್ರೆ ಬೇರೆ ಕಡೆ ಟಿಆರ್‌ಪಿ ಬಂದಿರೋ ಕಥೆ ಸೇಫು ಅನ್ನೋ ಲೆಕ್ಕ.

ಎರಡನೇದು ಸರ್ಕಾರ. 2025ರ ಮಾರ್ಚ್ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡ ಸಿನಿಮಾಗಳಿಗೆ ಅಂತ ಒಂದು ಓಟಿಟಿ ವೇದಿಕೆ ಮಾಡ್ತೀವಿ ಅಂತ ಘೋಷಣೆ ಮಾಡಿದ್ರು. ಒಳ್ಳೆ ವಿಚಾರ. ಆದ್ರೆ ಮಾತು ಪೂರ್ತಿ ಸಿನಿಮಾ ಸುತ್ತಾನೇ ತಿರುಗ್ತಾ ಇದೆ, ಕಂತುಗಳ ಕಥೆ ಯಾರ ಬಾಯಲ್ಲೂ ಬರ್ತಿಲ್ಲ. ಥಿಯೇಟರಲ್ಲಿ ಓಡಿ ಮುಗಿದ ಸಿನಿಮಾ ತಂದು ಜೋಡಿಸಿಡೋ ಕಪಾಟು ಆದ್ರೆ ಅದಕ್ಕೆ ಚಂದಾ ಕೊಡೋಕೆ ಯಾರು ಬರ್ತಾರೆ? ಬೇರೆಲ್ಲೂ ಸಿಗದ ಒಂದು ಎಂಟು ಕಂತಿನ ಕಥೆ ಅಲ್ಲಿದ್ರೆ ಜನ ಬರ್ತಾರೆ, ವಿಜಯಪುರದ ಕನ್ನಡದಲ್ಲಿ ಒಂದು, ಮಂಡ್ಯದ್ದು ಒಂದು, ಪೀಣ್ಯದ ಗಾರ್ಮೆಂಟ್ಸ್ ಹೆಣ್ಮಕ್ಕಳ ಬದುಕಿನದ್ದು ಒಂದು. ಸಿನಿಮಾ ಆದ್ಮೇಲೆ ಸಬ್ಸಿಡಿ ಕೊಡೋ ಪದ್ಧತಿ ನಮ್ಮಲ್ಲಿದೆ, ಕಂತಿನ ಕಥೆಗೆ ದುಡ್ಡು ಬೇಕಾಗೋದು ಬರೆಯೋ ಹಂತದಲ್ಲಿ, ಮೂರು ನಾಲ್ಕು ಜನ ಆರು ತಿಂಗಳು ಒಂದು ರೂಮಲ್ಲಿ ಕೂತು ಎಂಟೂ ಕಂತು ಬರೆದು ಮುಗಿಸೋವರೆಗೆ ಅವರ ಮನೆ ಬಾಡಿಗೆ ನಡೀಬೇಕು. ಇವತ್ತು ಹಾಗೆ ಬರೆಯೋ ಶಕ್ತಿ ಇರೋ ಹುಡುಗ ಹುಡುಗೀರು ಬೆಂಗಳೂರಲ್ಲೇ ಇದ್ದಾರೆ, ದಿನದ ಸೀರಿಯಲ್‌ಗೆ ಸಂಭಾಷಣೆ ಬರೀತಿದ್ದಾರೆ. ಆ ವೇದಿಕೆಯ ನಿಯಮ ಬರೆಯೋ ಹೊತ್ತಿಗೆ ಸಿನಿಮಾ ಜೊತೆಗೆ ಧಾರಾವಾಹಿ ಅನ್ನೋ ಮಾತನ್ನೂ ಸೇರಿಸಿ, ಸ್ಕ್ರಿಪ್ಟ್ ಹಂತಕ್ಕೇ ಒಂದಷ್ಟು ಹಣ ತೆಗೆದಿಡಿ ಅಂತ ವಾಣಿಜ್ಯ ಮಂಡಳಿಯೋರು, ಟೆಲಿವಿಷನ್ ಸಂಘದೋರು, ಚಲನಚಿತ್ರ ಅಕಾಡೆಮಿಯೋರು ಈಗಲೇ ಕೂತು ಕೇಳಬೇಕು.